ಒಲೆಯ ಪಕ್ಕದ ಹನ್ನೊಂದನೆಯ ಕುರ್ಚಿ

ಈ ರಗಳೆಗೆಲ್ಲ ಮೂಲ ಒಂದು ಕುರ್ಚಿ.

ಒಲ್ಶಿನಾ ಊರಿನ ಬಿಯರಂಗಡಿಯಲ್ಲಿ ಪ್ರತಿ ಮೇಜಿಗೂ ಅದರದೇ ಜನವಿದ್ದರು. ಕಿಟಕಿಯ ಪಕ್ಕದ್ದು ಬೇಟೆಗಾರರ ಮೇಜು, ಬಾಗಿಲ ಬಳಿಯದು ಬೆಂಕಿ ಆರಿಸುವ ದಳದವರದು, ಮೂಲೆಯದು ಚರ್ಚಿನಲ್ಲಿ ಹಾಡುವವರದು. ಒಲೆಯ ಪಕ್ಕದ ದುಂಡುಮೇಜಿಗೆ ಹನ್ನೊಂದು ಕುರ್ಚಿ. ಅಲ್ಲಿ ಪ್ಯಾರಾಚೂಟು ಕಟ್ಟಿ ವಿಮಾನದಿಂದ ಜಿಗಿದವರು ಮಾತ್ರ ಕೂರಬೇಕು. ಹೀಗಂತ ಎಲ್ಲೂ ಬರೆದು ಹಾಕಿರಲಿಲ್ಲ. ತಿಳಿಯದೆ ಯಾರಾದರೂ ಕೂತರೆ ಮೇಜಿನವರು ಬೈಯುತ್ತಲೂ ಇರಲಿಲ್ಲ. ಎಲ್ಲರೂ ಮಾತು ನಿಲ್ಲಿಸಿ ಅವನ ಲೋಟವನ್ನೇ ನೋಡುತ್ತ ಕೂರುತ್ತಿದ್ದರು. ಎರಡು ನಿಮಿಷದಲ್ಲಿ ಅವನಿಗೆ ಬಸ್ಸಿನ ನೆನಪಾಗುತ್ತಿತ್ತು.

ವೆಂದೆಲೀನ್ ಯಾವ ಮೇಜಿಗೂ ಸೇರಿದವನಲ್ಲ. ಮೊಲದ ರಕ್ತ ಕಂಡರೆ ತಲೆ ಸುತ್ತುವವನು ಬೇಟೆಗೆ ಹೋಗಲಾರ, ಹೊಗೆಗೆ ಕೆಮ್ಮು, ಹಾಡಲು ಬಾಯಿ ತೆರೆದರೆ ಹೆಂಡತಿಯೇ ಕಿಟಕಿ ಮುಚ್ಚುತ್ತಿದ್ದಳು. ಹಗಲೆಲ್ಲ ಸಹಕಾರ ಸಂಘದ ತೂಕದ ಕಟ್ಟೆಯಲ್ಲಿ ನಿಂತು ಕೆಲಸ. ಸಕ್ಕರೆ ಗೆಡ್ಡೆ ತುಂಬಿದ ಟ್ರ್ಯಾಕ್ಟರು ಕಟ್ಟೆ ಹತ್ತಿದರೆ ಗಾಜಿನ ಗೂಡಿನೊಳಗಿಂದ ಇವನು ದೊಡ್ಡ ಗಡಿಯಾರದಂಥ ತಕ್ಕಡಿಯ ಮುಳ್ಳನ್ನು ನೋಡುತ್ತ ನಿಲ್ಲುತ್ತಿದ್ದ. ಮುಳ್ಳು ತೂಗಾಡುವುದನ್ನು ಬಿಟ್ಟು ಒಂದೆಡೆ ನಿಲ್ಲುವವರೆಗೆ ತೂಕ ಬರೆದವನಲ್ಲ. ಚಾಲಕರು ಬೇಸತ್ತು ಗಾಜಿಗೆ ಒಮ್ಮೆ ತಟ್ಟುತ್ತಿದ್ದರು, ಎರಡನೆಯ ಸಲ ತಟ್ಟುತ್ತಿದ್ದರು. ಇವನು ತಿರುಗಿಯೂ ನೋಡುತ್ತಿರಲಿಲ್ಲ. ಮೂರನೆಯ ಸಲ ತಟ್ಟಿದರೆ ಮಾತ್ರ, "ಬಂತು ಮಾರಾಯ, ಪ್ರಾಣ ತಿನ್ಬೇಡ" ಎಂದು ಗೊಣಗಿ ಬಲಸೊಂಟದ ಬಳಿಯ ಹಿಡಿಕೆಯನ್ನು ಜಗ್ಗುತ್ತಿದ್ದ. ಚೀಟಿ ಅಚ್ಚಾಗಿ ಹೊರಬೀಳುತ್ತಿತ್ತು. ಹೀಗೆ ಇಪ್ಪತ್ತಾರು ವರ್ಷ.

ಸಂಜೆ ಬಿಯರಂಗಡಿಗೆ ಬಂದರೆ ಅಲ್ಲೂ ನಿಲ್ಲುವುದೇ. ಬಿಯರು ಬಗ್ಗಿಸುವ ಕಟ್ಟೆಗೆ ಮೊಣಕೈ ಊರಿ ನಿಂತು ನಿಂತು ಹಲಗೆಯಲ್ಲಿ ಒಂದು ಕುಳಿ ಬಿದ್ದಿತ್ತು. ಕಾಲಿನ ನರಗಳು ದ್ರಾಕ್ಷಿ ಬಳ್ಳಿಯ ಹಾಗೆ ಉಬ್ಬಿದ್ದವು.

ವಸಂತದಲ್ಲಿ ದುಂಡುಮೇಜಿನ ಮುದುಕ ಮತೌಷ್ ಮಗಳ ಮನೆ ಸೇರಿಕೊಂಡ. ಕುರ್ಚಿಯೊಂದು ಖಾಲಿಯಾಯಿತು. ಅಗಲವಾದ, ತೋಳಿರುವ, ಒಲೆಗೆ ಬೆನ್ನು ಕೊಟ್ಟ ಕುರ್ಚಿ. ವೆಂದೆಲೀನನಿಗೆ ಆಗ ತನ್ನ ಮನೆಯ ಗಡಿಯಾರದ ಹಿಂದಿದ್ದ ನೀಲಿ ಚೀಟಿ ನೆನಪಾಯಿತು. ಅವನಿಗೆ ಐವತ್ತು ತುಂಬಿದಾಗ ಸಂಘದವರು ಕೊಟ್ಟ ಉಡುಗೊರೆ ಅದು: ಊರಾಚೆಯ ಹುಲ್ಲಿನ ವಿಮಾನ ಮೈದಾನದಲ್ಲಿ, ನುರಿತವನೊಬ್ಬನ ಎದೆಗೆ ಕಟ್ಟಿಸಿಕೊಂಡು ಜಿಗಿಯುವ ಒಂದು ಜೋಡಿ ಜಿಗಿತ.

ಚೀಟಿಯನ್ನು ದುಂಡುಮೇಜಿನ ಮೇಲಿಟ್ಟ. ಮೇಜಿನ ಯಜಮಾನ ಹಿನೆಕ್ ಕನ್ನಡಕ ಏರಿಸಿ ಓದಿದ. ಅವನು ಸೇನೆಯಲ್ಲಿ ಮುನ್ನೂರು ಸಲ ಜಿಗಿದವನು; ಮೂವತ್ತು ವರ್ಷದಿಂದ ಎದೆನೋವೆಂದು ವೈದ್ಯರು ನೆಲದ ಮೇಲೆಯೇ ಇಟ್ಟಿದ್ದರು.

"ಇದು ಸವಾರಿ ಕಣಯ್ಯ. ಸವಾರಿ ಲೆಕ್ಕಕ್ಕಿಲ್ಲ."

"ಯಾಕಿಲ್ಲ? ವಿಮಾನದಿಂದ ಬೀಳೋದು ನಾನೇ ತಾನೆ?"

"ನೀನು ಬೀಳಲ್ಲ, ನಿನ್ನ ಹೊತ್ಕೊಂಡು ಇಳಿಸ್ತಾರೆ. ನೀನು ಸಾಮಾನು. ನನ್ನ ತಗಡಿನ ಪೆಟ್ಟಿಗೆ ನನ್ನ ಜೊತೆ ಆರು ಸಲ ಜಿಗಿದಿದೆ. ಅದಕ್ಕೂ ಒಂದು ಕುರ್ಚಿ ಹಾಕೋಣ್ವಾ?"

ಮೇಜು ನಕ್ಕಿತು. ನಕ್ಕು ಮುಗಿದ ಮೇಲೆ ಹಿನೆಕ್ ದಾರಿಯನ್ನೂ ಹೇಳಿದ. ಅದೇ ಜೋಡಿ ಜಿಗಿತವನ್ನು ಪಾಠವೆಂದೂ ಮಾಡಬಹುದು. ಆಗ ಎತ್ತರ ನೋಡುವವನು ನೀನೇ, ಹಿಡಿಕೆ ಎಳೆಯುವವನು ನೀನೇ. ಹಳದಿ ಕಾಗದದ ಮೇಲೆ ಗುರುವಿನ ರುಜು ಬೀಳುತ್ತದೆ. "ಹಳದಿ ತಗೊಂಡು ಬಾ, ಕುರ್ಚಿ ನಿಂದು" ಎಂದ. ಉಳಿದ ಒಂಬತ್ತು ಮಂದಿ ಬಹಳ ಗಂಭೀರವಾಗಿ ತಲೆಯಾಡಿಸಿದರು. ಅಷ್ಟು ಗಂಭೀರ ಯಾಕೆಂದು ವೆಂದೆಲೀನ್ ಯೋಚಿಸಬೇಕಿತ್ತು.

ನೀಲಿ ಚೀಟಿಯ ಅವಧಿ ಮುಗಿಯುವ ದಿನ, ಜೂನಿನ ಒಂದು ಶನಿವಾರ, ಬೆಳಿಗ್ಗೆ ಅವನು ಹೆಂಡತಿ ಯರ್ಮಿಲಾಳೊಂದಿಗೆ ಮೈದಾನಕ್ಕೆ ನಡೆದ. ದಾರಿಯುದ್ದಕ್ಕೂ ಬೇಲಿಗಳ ಮೇಲೆ ತಲೆಗಳು.

"ವೆಂದಾ, ಹೊಟ್ಟೆಗೇನೂ ಹಾಕ್ಕೋಬೇಡ, ಎಲ್ಲಾ ಮೇಲಕ್ಕೆ ಬರುತ್ತೆ" ಎಂದ ಬಡಗಿ.

"ಹೊಟ್ಟೆ ತುಂಬಾ ಉಣ್ಣು. ಖಾಲಿ ಮೂಟೆ ಗಾಳೀಲಿ ಹೊರಳಾಡುತ್ತೆ" ಎಂದಳು ಬಡಗಿಯ ಹೆಂಡತಿ.

ವೆಂದೆಲೀನ್ ಇಬ್ಬರ ಮಾತನ್ನೂ ನಡೆಸಲು ಕೊಲಾಚ್ ಎಂಬ ಸಿಹಿ ಬನ್ನನ್ನು ಅರ್ಧ ತಿಂದು ಅರ್ಧವನ್ನು ಜೇಬಿಗಿಟ್ಟುಕೊಂಡ.

"ಸುಮ್ನೆ ಸವಾರಿ ಮಾಡಿ ಬಾರೋ" ಎಂದಳು ಯರ್ಮಿಲಾ. "ನನ್ನ ತಂಗಿ ಹೋಗಿ ಬರ್ಲಿಲ್ವಾ? ಕಿರುಚಿದ್ಳು, ಫೋಟೋ ತೆಗೆಸ್ಕೊಂಡ್ಳು, ಮನೆಗೆ ಬಂದು ಬಟ್ಟೆ ಒಗೆದ್ಳು."

"ನಿನ್ನ ತಂಗಿಗೆ ಕುರ್ಚಿ ಬೇಕಿರ್ಲಿಲ್ಲ."

ಜಿಗಿತದ ಗುರು ರದೋವನ್ ಎತ್ತಿನಂಥ ಕತ್ತಿನ, ಸಮಾಧಾನದ ಮನುಷ್ಯ. ನೀಲಿ ಚೀಟಿ ಪಾಠಕ್ಕೆ ನಡೆಯುವುದಿಲ್ಲವೆಂದು ಅದನ್ನು ಮರಳಿಸಿ ಹಳದಿ ಕಾಗದ ಹೊರತೆಗೆದ.

"ಹಾಗಾದ್ರೆ ಇದು ದಂಡವಾಯ್ತಾ?" ಎಂದು ಯರ್ಮಿಲಾ ನೀಲಿಯನ್ನು ಎತ್ತಿಕೊಂಡಳು.

"ಇವತ್ತು ಸಂಜೆವರೆಗೂ ನಡೆಯುತ್ತೆ ಅಮ್ಮಾ." ಆಮೇಲೆ ಗುರು ವೆಂದೆಲೀನನ ಕಡೆ ತಿರುಗಿದ. "ಯೋಚನೆ ಮಾಡಿ ಹೇಳಿ. ಸವಾರಿಯವರನ್ನ ನಾವು ಮೊಟ್ಟೆ ಥರ ನೋಡ್ಕೋತೀವಿ. ಪಾಠದವರು ನಮ್ಮೋರೇ ಆಗ್ಬಿಡ್ತಾರೆ. ನಮ್ಮೋರಿಗೆ ನಮ್ಮ ಪದ್ಧತಿಗಳೆಲ್ಲ ನಡೆಯುತ್ತೆ."

"ನಡೀಲಿ" ಎಂದ ವೆಂದೆಲೀನ್. ಪ್ಯಾರಾಚೂಟು ಮಡಿಸುತ್ತಿದ್ದ ನಾಲ್ಕಾರು ಜನ ತಲೆಯೆತ್ತಿ ಅವನನ್ನು, ಮುಖ್ಯವಾಗಿ ಅವನ ಹಿಂಭಾಗವನ್ನು, ಒಮ್ಮೆ ನೋಡಿ ಮತ್ತೆ ಮಡಿಸತೊಡಗಿದರು.

ಮೊದಲು ತೂಕ. ಸ್ನಾನದ ಮನೆಯ ಪುಟ್ಟ ತಕ್ಕಡಿಯ ಮೇಲೆ ನಿಲ್ಲಿಸಿದರು. "ತೊಂಬತ್ತೊಂದು" ಎಂದು ರದೋವನ್ ಬರೆಯಹೊರಟ.

"ಬರೀಬೇಡಿ. ಮುಳ್ಳು ಇನ್ನೂ ನಿಂತಿಲ್ಲ."

"ನೀವು ನಡುಗ್ತಿದ್ದೀರಿ, ಅದು ಹ್ಯಾಗೆ ನಿಲ್ಲುತ್ತೆ?"

"ನಿಲ್ಲೋವರೆಗೂ ಕಾಯ್ಬೇಕು. ಇಲ್ಲಾಂದ್ರೆ ಅದು ತೂಕ ಅಲ್ಲ, ಅಂದಾಜು."

ನಾಲ್ಕು ನಿಮಿಷ ಕಾದರು. ತೊಂಬತ್ತೊಂದೇ ಆಯಿತು.

ಆಮೇಲೆ ಪಾಠ. ಮೇಜಿನ ಮೇಲೆ ಬೋರಲು ಮಲಗಿಸಿ, ಎದೆ ಎತ್ತಿಸಿ, ಕಾಲು ಮಡಚಿಸಿದರು. ವೆಂದೆಲೀನ್ ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು ಕೇಳಿಸಿಕೊಂಡ. ದುಂಡುಮೇಜಿನ ಹತ್ತೂ ಜನ ದುರ್ಬೀನು ತಂದು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು.

ರದೋವನ್ ಅವನ ಮಣಿಕಟ್ಟಿಗೆ ಎತ್ತರ ತೋರಿಸುವ ಗಡಿಯಾರ ಕಟ್ಟಿದ. "ನಾಲ್ಕು ಸಾವಿರ ಮೀಟರಿನಿಂದ ಬೀಳ್ತೀವಿ. ಮುಳ್ಳು ಸಾವಿರದ ಎಂಟುನೂರಕ್ಕೆ ಬಂದ ಕೂಡ್ಲೇ ಬಲಸೊಂಟದ ಹಿಡಿಕೆ ಎಳೀಬೇಕು. ಸಾವಿರದೈನೂರಕ್ಕೆ ಬಂದ್ರೆ ನಾನೇ ಎಳೀತೀನಿ. ನಾನು ಎಳೆದ್ರೆ ಅದು ಪಾಠ ಅಲ್ಲ, ಸವಾರಿ. ಗೊತ್ತಾಯ್ತಾ?"

"ಗೊತ್ತಾಯ್ತು. ಮುಳ್ಳು ನೋಡೋದು ನನಗೆ ಹೇಳ್ಕೊಡ್ಬೇಕಾ?" ಎಂದು ವೆಂದೆಲೀನ್ ಆ ದಿನ ಮೊದಲ ಬಾರಿಗೆ ನಕ್ಕ.

ವಿಮಾನ ಮುದುಕನಂತೆ ಕೆಮ್ಮುತ್ತ ಮೇಲೇರಿತು. ಬಾಗಿಲು ತೆರೆದಾಗ ಕೆಳಗೆ ಏನಿತ್ತೋ ವೆಂದೆಲೀನನಿಗೆ ತಿಳಿಯದು. ಅವನು ಮಣಿಕಟ್ಟು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಬೆನ್ನಿಗಂಟಿದ್ದ ರದೋವನ್ ಮುಂದಕ್ಕೆ ವಾಲಿದ. ನೆಲವೆಂಬುದು ಇಲ್ಲವಾಯಿತು. ಕೆನ್ನೆಗಳು ಕಿವಿಯ ಕಡೆ ಓಡಿದವು. ಜೇಬಿನ ಅರ್ಧ ಕೊಲಾಚ್ ಹೊರಬಂದು ಮೂಗಿಗೆ ಬಡಿದು ಒಲ್ಶಿನಾದ ಆಕಾಶದಲ್ಲಿ ಮಾಯವಾಯಿತು.

ಮೂರು ಸಾವಿರ. ಎರಡೂವರೆ. ಎರಡು. ವೆಂದೆಲೀನ್ ಎಲ್ಲವನ್ನೂ ಸರಿಯಾಗಿ ಓದಿದ. ಸಾವಿರದ ಎಂಟುನೂರೂ ಬಂತು. ಆದರೆ ಮುಳ್ಳು ಅಲ್ಲಿ ನಿಲ್ಲಲಿಲ್ಲ.

ಇಪ್ಪತ್ತಾರು ವರ್ಷ ಅವನು ನಿಲ್ಲದ ಮುಳ್ಳಿಗೆ ಹಿಡಿಕೆ ಎಳೆದವನಲ್ಲ. ಕಾದ. ಸಾವಿರದ ಏಳುನೂರೈವತ್ತು. ಇವತ್ತು ತಕ್ಕಡಿ ಸರಿಯಿಲ್ಲವೆಂದುಕೊಂಡ. ರದೋವನ್ ಭುಜಕ್ಕೆ ಒಮ್ಮೆ ತಟ್ಟಿದ. ವೆಂದೆಲೀನ್ ತಿರುಗಲಿಲ್ಲ. ಸಾವಿರದ ಆರುನೂರೈವತ್ತು. ಎರಡನೆಯ ಸಲ ತಟ್ಟಿದ. ಈ ಚಾಲಕರಿಗೆ ತಾಳ್ಮೆಯೇ ಇಲ್ಲ. ಸಾವಿರದ ಐನೂರೈವತ್ತು. ಗುರು ತನ್ನ ಕೈಯನ್ನೇ ಹಿಡಿಕೆಯತ್ತ ಚಾಚುತ್ತ ಕಡೆಯ ಸಲವೆಂದು ಜೋರಾಗಿ ತಟ್ಟಿದ.

ಮೂರನೆಯದು.

"ಬಂತು ಮಾರಾಯ, ಪ್ರಾಣ ತಿನ್ಬೇಡ" ಎಂದು ವೆಂದೆಲೀನ್ ಗಾಳಿಯಲ್ಲಿ ಗೊಣಗಿದ. ಅವನ ಬಲಗೈ ತಾನಾಗಿ ಸೊಂಟಕ್ಕೆ ಹೋಗಿ ಹಿಡಿಕೆಯನ್ನು ಜಗ್ಗಿತು. ಚೀಟಿ ಬರುತ್ತದೇನೋ ಎಂದು ಒಂದು ಕ್ಷಣ ನೋಡಿದ. ಬದಲಿಗೆ ಯಾರೋ ಮೇಲಿನಿಂದ ಕಾಲರು ಹಿಡಿದೆತ್ತಿದಂತಾಗಿ ಲೋಕವೆಲ್ಲ ಸದ್ದಡಗಿತು.

ಹುಲ್ಲಿನ ಮೇಲೆ ಕುಂಡೆಯೂರಿ ಇಳಿದಾಗ ಬೆಂಚಿನಿಂದ ಚಪ್ಪಾಳೆ ಬಂತು. ರದೋವನ್ ಅವನ ಬೆನ್ನ ಮೇಲೆಯೇ ಹಳದಿ ಕಾಗದವಿಟ್ಟು ರುಜು ಹಾಕಿದ. "ಎಳೆದೋರು ನೀವೇ. ನನ್ನ ಆಯಸ್ಸು ಒಂದು ವರ್ಷ ಕಡಿಮೆಯಾಯ್ತು, ಹೋಗ್ಲಿ. ಇನ್ನು ನೀವು ನಮ್ಮೋರು. ಬಗ್ಗಿ."

"ಏನು?"

"ಮೊಣಕಾಲು ಹಿಡ್ಕೊಂಡು ಬಗ್ಗಿ."

ಆಗಲೇ ಅವನಿಗೆ ಹಿಂದೆ ಸಾಲುಗಟ್ಟಿದ್ದ ಜನ ಕಂಡಿದ್ದು. ಮೊದಲ ಪಾಠ ಮುಗಿಸಿದವನ ಹಿಂಭಾಗಕ್ಕೆ ಮೈದಾನದಲ್ಲಿರುವ ಪ್ರತಿಯೊಬ್ಬ ಜಿಗಿತಗಾರನೂ ಅಂಗೈಯಿಂದ ಒಂದು ಏಟು ಕೊಟ್ಟು, ಕೈ ಕುಲುಕಿ ಅಭಿನಂದಿಸಬೇಕು. ಅಪ್ಪಂದಿರ ಕಾಲದ ಪದ್ಧತಿ. ಅಂದು ಮೈದಾನದಲ್ಲಿದ್ದವರು ಮೂವತ್ತೊಂದು ಮಂದಿ, ಬೆಂಚಿನ ಮೇಲಿನವರು ಹತ್ತು.

"ಸವಾರಿಯವರಿಗೂ ಹೀಗೇನಾ?" ಎಂದು ವೆಂದೆಲೀನ್ ಬಗ್ಗಿಕೊಂಡೇ ಕೇಳಿದ.

"ಛೆ. ಸಾಮಾನಿಗೆ ಯಾರಾದ್ರೂ ಹೊಡೀತಾರಾ?" ಎಂದ ಹಿನೆಕ್ ಕೈಗೆ ಉಫ್ ಎಂದು ಊದಿಕೊಳ್ಳುತ್ತ.

ಊರಿನ ಅಂಚೆಯಾಕೆಯೂ ಜಿಗಿತಗಾರ್ತಿಯೆಂದು ವೆಂದೆಲೀನನಿಗೆ ಗೊತ್ತಾದದ್ದು ಅಂದೇ. ಇಪ್ಪತ್ತು ವರ್ಷ ಮುದ್ರೆ ಒತ್ತಿ ಪಳಗಿದ ಕೈ. ಹದಿನೆಂಟನೆಯ ಏಟಿನ ಬಳಿಕ ಅವನು ಲೆಕ್ಕ ಬಿಟ್ಟ. ಹೆಂಡತಿಯ ಸಹಾಯಕ್ಕೆಂದು ಕತ್ತು ತಿರುಗಿಸಿದರೆ ಅವಳಿದ್ದ ಜಾಗದಲ್ಲಿ ಕೈಚೀಲ ಮಾತ್ರ ಇತ್ತು. ಎರಡನೆಯ ವಿಮಾನ ಕೆಮ್ಮುತ್ತ ಮೇಲೇರುತ್ತಿತ್ತು.

ಸಂಜೆ ಬಿಯರಂಗಡಿಯಲ್ಲಿ ಹಿನೆಕ್ ಎದ್ದು ನಿಂತು, ಅಂಗಿಯ ತೋಳಿನಿಂದ ಹನ್ನೊಂದನೆಯ ಕುರ್ಚಿಯ ಧೂಳು ಒರೆಸಿ, ಹಿಂದಕ್ಕೆಳೆದು ಕೊಟ್ಟ. "ಕೂತ್ಕೋ ವೆಂದಾ. ಗಳಿಸಿದ್ದು ನೀನು."

ವೆಂದೆಲೀನ್ ಕುರ್ಚಿಯನ್ನು ನೋಡಿದ. ಇಪ್ಪತ್ತಾರು ವರ್ಷ ನಿಂತ ಕಾಲುಗಳ ಆಸೆ. ತೋಳುಗಳ ಮೇಲೆ ಎರಡು ಕೈಯಿಟ್ಟು ನಿಧಾನವಾಗಿ ಮೈ ಇಳಿಸಿದ. ತಾಗಿತೋ ಇಲ್ಲವೋ, ಬಿಸಿ ಹಂಚಿನ ಮೇಲೆ ಕೂತವನ ಹಾಗೆ ಮೇಲೆದ್ದ.

"ಆಮೇಲೆ ಕೂರ್ತೀನಿ" ಎಂದ. "ನಿಂತೇ ಅಭ್ಯಾಸ."

"ನಾನು ನಾಲ್ಕು ದಿನ ನಿಂತಿದ್ದೆ" ಎಂದ ಒಬ್ಬ. "ನಾನು ವಾರ" ಎಂದ ಇನ್ನೊಬ್ಬ. "ನನ್ನ ಕಾಲದಲ್ಲಿ ಬೆಲ್ಟಿನಲ್ಲಿ ಹೊಡೀತಿದ್ರು" ಎಂದ ಮತ್ತೊಬ್ಬ.

ಅಷ್ಟರಲ್ಲಿ ಬಾಗಿಲು ತೆರೆದು ಯರ್ಮಿಲಾ ಬಂದಳು. ಕೂದಲು ಗುಬ್ಬಿಗೂಡಿನಂತಿತ್ತು, ಕೆನ್ನೆ ಕೆಂಪಗೆ. "ಚೀಟಿ ದಂಡವಾಗ್ಬಾರ್ದು ಅಂತ ನಾನೇ ಹೋಗ್ಬಂದೆ" ಎಂದಳು. "ಅಬ್ಬಾ, ಕಾಲು ಸೋತುಹೋಯ್ತು." ಹಾಗೆನ್ನುತ್ತಲೇ ಖಾಲಿಯಿದ್ದ ಕುರ್ಚಿಯಲ್ಲಿ, ಒಲೆಗೆ ಬೆನ್ನು ಕೊಟ್ಟು, ಹಾಯಾಗಿ ಕೂತುಬಿಟ್ಟಳು.

ದುಂಡುಮೇಜು ಮಾತು ನಿಲ್ಲಿಸಿತು. ಹತ್ತು ಜೊತೆ ಕಣ್ಣುಗಳು ಅವಳು ತರಿಸಿಕೊಂಡ ನಿಂಬೆ ಪಾನಕದ ಲೋಟದ ಮೇಲೆ ನೆಟ್ಟವು. ಯರ್ಮಿಲಾ ಅದನ್ನು ಎತ್ತಿ ಅರ್ಧ ಕುಡಿದಳು.

"ಹಿನೆಕ್, ನಿಮ್ಮ ಹಿತ್ತಲಿನ ಬಾತುಕೋಳಿಗಳು ಮೇಲಿಂದ ಸಕ್ಕರೆ ಹರಳಿನ ಥರ ಕಾಣ್ತವೆ. ನದಿ ನಾವು ಅಂದ್ಕೊಂಡಷ್ಟು ನೆಟ್ಟಗಿಲ್ಲ, ಹಾಲು ಚೆಲ್ಲಿದ ಹಾಗೆ ಎಲ್ಲೆಲ್ಲೋ ಹೋಗುತ್ತೆ. ನಾನು ಏನೂ ಮಾಡೋ ಹಾಗಿರ್ಲಿಲ್ಲ ನೋಡಿ, ಸುಮ್ನೆ ನೋಡ್ತಾ ಬಂದೆ."

ಹಿನೆಕ್ ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿದ. ಮೂವತ್ತು ವರ್ಷ ನೆಲದ ಮೇಲಿದ್ದ ಮನುಷ್ಯ ಮೆಲ್ಲಗೆ ಕೇಳಿದ: "ಚರ್ಚಿಗೆ ಹೊಸಾ ತಗಡು ಹಾಕ್ಸಿದ್ರಲ್ಲ... ಅದು ಹೊಳೆಯುತ್ತಾ, ಮೇಲಿಂದ?"

"ಹೊಳೆಯೋದಾ? ಕಣ್ಣು ಕುಕ್ಕುತ್ತೆ."

ಹತ್ತು ಕುರ್ಚಿಗಳು ಅವಳತ್ತ ಸರಿದವು. ಒಬ್ಬ ತನ್ನ ಹೊಲದ ಬಗ್ಗೆ ಕೇಳಿದ, ಇನ್ನೊಬ್ಬ ಹಳೆಯ ಗಿರಣಿಯ ಬಗ್ಗೆ. ಕಡೆಗೊಬ್ಬನಿಗೆ ವೆಂದೆಲೀನನ ನೆನಪಾಯಿತು. "ನೀನೇನು ನೋಡ್ದೆ ವೆಂದಾ?"

"ಮುಳ್ಳು" ಎಂದ ವೆಂದೆಲೀನ್.

ಅವನು ಬಗ್ಗಿ ಹಿನೆಕನ ಕಿವಿಯಲ್ಲಿ ಹೇಳಿದ: "ಅವಳದು ಬರೀ ಸವಾರಿ. ಸವಾರಿ ಲೆಕ್ಕಕ್ಕಿಲ್ಲ ಅಂದಿದ್ದೆ ನೀನು. ಸಾಮಾನು ಅಂದಿದ್ದೆ."

"ಈಗ್ಲೂ ಅಂತೀನಿ. ಲೆಕ್ಕಕ್ಕಿಲ್ಲ" ಎಂದ ಹಿನೆಕ್, ಯರ್ಮಿಲಾಳಿಂದ ಕಣ್ಣು ತೆಗೆಯದೆ. "ಆದ್ರೆ ಸಾಮಾನು ಅಂದ್ಮೇಲೆ ಎಲ್ಲಾದ್ರೂ ಇಡ್ಲೇಬೇಕಲ್ಲಪ್ಪ."

ವೆಂದೆಲೀನ್ ಹಳದಿ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ. ಲೋಟ ಎತ್ತಿಕೊಂಡು, ಕಾಲು ಅಗಲಿಸಿ ಹೆಜ್ಜೆ ಹಾಕುತ್ತ, ಬಿಯರು ಬಗ್ಗಿಸುವ ಕಟ್ಟೆಗೆ ಹೋದ. ಹಲಗೆಯ ಕುಳಿ ಅಲ್ಲೇ ಇತ್ತು. ಮೊಣಕೈ ಅದರೊಳಗೆ ಸರಿಯಾಗಿ ಕೂತಿತು.