ಐದನೇ ರೊಟ್ಟಿಯ ಪದ

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಹೊಟ್ಟೆಕಿಚ್ಚು ತಣ್ಣಗಾಗಿರುತ್ತದೆ ಎಂದು ಜನ ತಿಳಿಯುತ್ತಾರೆ. ಸುಳ್ಳು. ಹಲ್ಲು ಬೀಳುತ್ತವೆ, ಮೊಣಕಾಲು ಕೈಕೊಡುತ್ತದೆ, ಹೊಟ್ಟೆಕಿಚ್ಚು ಮಾತ್ರ ಮದುವೆಯಾಗಿ ಬಂದಾಗ ಇದ್ದ ಹಾಗೇ ಇರುತ್ತದೆ. ನನ್ನದು ಗಿರಿಜವ್ವನ ಮೇಲೆ. ಆಕೆ ನನ್ನ ಮೈದುನನ ಹೆಂಡತಿ, ನನಗಿಂತ ಆರು ವರ್ಷ ಸಣ್ಣವಳು. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು, ಆಕೆ ಏಳನೇ ಪಾಸು. ಆ ಏಳನ್ನು ಆಕೆ ನಲವತ್ತು ವರ್ಷದಿಂದ ಮೂಗುತಿಯ ಹಾಗೆ ಧರಿಸಿಕೊಂಡು ತಿರುಗುತ್ತಿದ್ದಾಳೆ.

ಕಿರವತ್ತಿಯ ಹೆದ್ದಾರಿ ಬದಿಗೆ ನಮ್ಮದೊಂದು ಖಾನಾವಳಿ. ಮುಂದೆ ಗಂಡಸರು ಬಡಿಸುತ್ತಾರೆ, ಹಿಂದೆ ನಾವಿಬ್ಬರೂ ಎದುರುಬದುರು ಒಲೆ ಹಚ್ಚಿಕೊಂಡು ಜೋಳದ ರೊಟ್ಟಿ ಬಡಿಯುತ್ತೇವೆ. ಹಿರಿಯ ಸೊಸೆ ಎಂದು ಅತ್ತೆ ಬೀಗದ ಕೈ ಗೊಂಚಲನ್ನು ನನ್ನ ಸೊಂಟಕ್ಕೆ ಸಿಕ್ಕಿಸಿ ಹೋದಳು. ಅಂದಿನಿಂದ ಸಕ್ಕರೆ ಬೇಕಾದರೂ ಗಿರಿಜವ್ವ ನನ್ನನ್ನೇ ಕೇಳಬೇಕು. ಅಷ್ಟರಮಟ್ಟಿಗೆ ಏಳನೇ ಇಯತ್ತೆಗೂ ಎರಡನೇ ಇಯತ್ತೆಗೂ ಸರಿಹೋಗಿತ್ತು.

ಅದನ್ನು ಕೆಡಿಸಿದವಳು ನನ್ನ ಮೊಮ್ಮಗಳು ಸವಿತಾ. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಗೆ ಮನೆಯಲ್ಲೇ ಕುಳಿತು ಮೊಬೈಲ್ ಆ್ಯಪ್ ಮಾಡುತ್ತಾಳೆ. ಆಗ ಬ್ಲಾಕ್‌ಚೈನ್ ವಾಲೆಟ್‌ನ ಲೈಬ್ರರಿಯೊಂದನ್ನು ಆ್ಯಪಿಗೆ ಸೇರಿಸುತ್ತಿದ್ದಳು. ಹಾಗೆಂದರೇನು ಎಂದೆ. "ಆಯಿ, ಬ್ಯಾರೆದವರು ಮಾಡಿಟ್ಟ ಮಸಾಲಿಪುಡಿ ತಂದು ನಮ್ಮ ಸಾರಿಗೆ ಹಾಕಿದಂಗ. ಎಷ್ಟು ಹಾಕ್ಬೇಕು, ಯಾವಾಗ ಹಾಕ್ಬೇಕು, ಅದಷ್ಟ ನನ್ನ ಕೆಲಸ," ಎಂದಳು. ಬ್ಲಾಕ್‌ಚೈನ್ ಎಂದರೆ ಎಲ್ಲರ ಹತ್ತಿರವೂ ಒಂದೊಂದು ಪ್ರತಿ ಇರುವ, ಯಾರೂ ಅಳಿಸಲಾಗದ ಪುಸ್ತಕವಂತೆ. ನಮ್ಮ ಓಣಿಯಲ್ಲಿ ಎಲ್ಲರ ಮನೆಯ ಸಂಗತಿಯೂ ಹೀಗೇ ಇದೆ, ಅದಕ್ಕೆ ಮೊಬೈಲು ಯಾಕೆ ಎಂದೆ. ಆಕೆ ನಗಲಿಲ್ಲ. ಮೂರು ದಿನದಿಂದ ಆ ಪುಡಿ ಸಾರಿನಲ್ಲಿ ಕರಗದೆ ಗಂಟು ಗಂಟಾಗಿ ನಿಂತಿತ್ತು.

ಅದು ಹೊಂದಿದ ಮೇಲೆ ಪರೀಕ್ಷೆ. ವಾಲೆಟ್ಟಿಗೆ, ಅಂದರೆ ಮೊಬೈಲಿನೊಳಗಿನ ದುಡ್ಡಿನ ಚೀಲಕ್ಕೆ, ಕೀಲಿಯಾಗಿ ಆ್ಯಪ್ ಹನ್ನೆರಡು ಪದ ಕೊಡುತ್ತದೆ. ಇಂಗ್ಲಿಷ್ ಬಾರದವರಿಗೆಂದು ಸವಿತಾ ಕನ್ನಡ ಪದಗಳನ್ನೇ ಹಾಕಿದ್ದಳು. ಮೊಬೈಲ್ ಹಾಳಾದರೂ ಆ ಪದಗಳನ್ನು ಸಾಲಾಗಿ ಹೇಳಿದರೆ ವಾಲೆಟ್ ಮತ್ತೆ ತೆರೆಯುತ್ತದೆ. ಒಂದು ತಪ್ಪಿದರೂ ಇಲ್ಲ. ಬೇರೆ ಯಾರಿಗೂ ತಿಳಿಯಬಾರದು. ಸಾಮಾನ್ಯರಿಗೆ ಇದು ಸಾಧ್ಯ ಎಂದು ಶನಿವಾರ ಕಂಪನಿಯವರಿಗೆ ತೋರಿಸಬೇಕು, ಇಲ್ಲವಾದರೆ ಕನ್ನಡ ಪದಗಳನ್ನು ತೆಗೆದುಹಾಕುತ್ತಾರೆ. ಕೀಲಿ ಎಂಬ ಮಾತು ಬಿದ್ದದ್ದೇ ನಾನು ಸೊಂಟದ ಗೊಂಚಲು ಸರಿಮಾಡಿಕೊಂಡು ಕುಳಿತೆ. ಸವಿತಾ ನನ್ನನ್ನು ದಾಟಿ ಹೋಗಿ ಗಿರಿಜವ್ವನ ಕೈಗೆ ಪೆನ್ನು ಕೊಟ್ಟಳು. "ಸಣ್ಣಾಯಿ, ನಿನ್ನ ಅಕ್ಷರ ಚಂದ ಅದಾವು, ನೀನ ಬರಕೋ."

ಗಿರಿಜವ್ವ ಆ ಚೀಟಿಯನ್ನು ಕುಪ್ಪಸದಲ್ಲಿ ಇಟ್ಟುಕೊಂಡು ತಿರುಗಿದಳು. ಬಾಯಿಪಾಠ ಮಾಡಲು ಆಕೆ ಕಂಡುಕೊಂಡ ದಾರಿ ರೊಟ್ಟಿ. ಹಂಚಿಗೆ ಒಂದು ರೊಟ್ಟಿ ಹಾಕುವಾಗ ಒಂದು ಪದ, ತುಟಿಯೊಳಗೇ. ಕೊಡೆ, ಹುಣಸೆ, ಗಾಳಿ, ಬಾವಿ, ಕುದುರೆ, ಸೂಜಿ... ಹನ್ನೆರಡಾದ ಮೇಲೆ ಮತ್ತೆ ಮೊದಲಿನಿಂದ. ಓದು ಅಷ್ಟಾಗಿ ಬಾರದವರ ಕಿವಿ ಚುರುಕು. ಗುರುವಾರದ ಹೊತ್ತಿಗೆ ಹನ್ನೆರಡೂ ನನಗೆ ಬಂದವು. ಅಲ್ಲಿಗೆ ಸುಮ್ಮನಿರಬಹುದಿತ್ತು. ಇರಲಿಲ್ಲ. ಪ್ರತಿ ಸಲ ಐದನೇ ರೊಟ್ಟಿಗೆ ಸರಿಯಾಗಿ, "ಗಿರಿಜಾ, ಹಿಟ್ಟು ಸಾಕಾಕ್ಕತೇನ?" ಎಂದು ಕೇಳತೊಡಗಿದೆ. ಆಕೆ "ಹೂಂ ಅಕ್ಕಾ" ಎಂದು ಹೇಳಿ ಆರನೆಯದಕ್ಕೆ ಹೋಗುತ್ತಿದ್ದಳು. ಶುಕ್ರವಾರ, ಪಾಠವಾಯಿತು, ಇನ್ನು ಯಾರ ಕಣ್ಣಿಗೂ ಬೀಳಬಾರದು ಎಂದುಕೊಂಡು ಚೀಟಿಯನ್ನು ಒಲೆಗೆ ಹಾಕಿದಳು.

ಶನಿವಾರ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಸವಿತಾ ಮೊಬೈಲಿನಿಂದ ವಾಲೆಟ್ ಅಳಿಸಿದಳು. ಕಂಪನಿಯವರು ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದರು. ಗಿರಿಜವ್ವ ತಲೆಯ ಮೇಲೆ ಸೆರಗು ಹೊದ್ದು, "ಕೊಡೆ, ಹುಣಸೆ, ಗಾಳಿ, ಬಾವಿ, ಹೂಂ ಅಕ್ಕಾ," ಎಂದು ನಿಂತಳು. ಮತ್ತೆ ಮೊದಲಿನಿಂದ ಹೇಳಿದಳು. ಮತ್ತೆ ಹೂಂ ಅಕ್ಕಾ.

ಸವಿತಾಳ ಮುಖ ಬಾಡಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಕೆಯ ಕೆಲಸ ಕೆಡುತ್ತಿತ್ತು, ಬಾಯಿಬಿಟ್ಟರೆ ನನ್ನ ಕಳ್ಳತನ ಹೊರಬೀಳುತ್ತಿತ್ತು. ಮೊಮ್ಮಗಳಿಗಾಗಿ ಮಾತಾಡಿದೆ ಎಂದು ಹೇಳಿದರೆ ಚೆನ್ನಾಗಿ ಕೇಳಿಸುತ್ತದೆ. ನಿಜವೆಂದರೆ, ಏಳನೇ ಪಾಸಾದವಳಿಗೆ ಬಾರದ್ದು ನನಗೆ ಬರುತ್ತದೆ ಎಂಬ ಸುಖವನ್ನು ತಡೆದುಕೊಳ್ಳಲಾಗಲಿಲ್ಲ. ಹನ್ನೆರಡನ್ನೂ ಒಂದೇ ಉಸಿರಿಗೆ ಹೇಳಿದೆ. ವಾಲೆಟ್ ತೆರೆಯಿತು.

ಯಾರೂ ಶಭಾಷ್ ಎನ್ನಲಿಲ್ಲ. "ನಿನಗ ಗೊತ್ತಾತಂದ್ರ ಈ ವಾಲೆಟ್ ಕೆಟ್ಟಂಗ, ಆಯಿ," ಎಂದಳು ಸವಿತಾ. ಚೀಟಿ ಸುಡಬೇಡಿ, ಪದಗಳನ್ನು ಬಾಯಲ್ಲಿ ಗುನುಗಬೇಡಿ ಎಂಬ ಎರಡು ಎಚ್ಚರಿಕೆ ಆ್ಯಪಿನಲ್ಲಿ ಹಾಕಿ, ಕನ್ನಡ ಪದ ಇರಲಿ ಎಂದರು ಕಂಪನಿಯವರು. ಎರಡೂ ತಪ್ಪು ಗಿರಿಜವ್ವನವು. ಹಾಗಾಗಿ ಒಳ್ಳೆಯ ಪಾಠ ಕಲಿಸಿದಿರಿ ಎಂಬ ಹೊಗಳಿಕೆಯೂ ಆಕೆಗೇ ಹೋಯಿತು. ಆಕೆ ಸೆರಗು ತೆಗೆದು ನನ್ನತ್ತ ತಿರುಗಿದಳು. "ಅಕ್ಕಾ, ಹಿಟ್ಟು ಸಾಕಾತೇನ?" ಎಂದಳು. ಅಷ್ಟೇ.

ಸಂಜೆ ಹಟ ಹಿಡಿದು ನನ್ನ ಹೆಸರಿಗೂ ಒಂದು ವಾಲೆಟ್ ಮಾಡಿಸಿಕೊಂಡೆ. ಹೊಸ ಹನ್ನೆರಡು ಪದ, ನನ್ನವೇ. ಅಕ್ಷರ ಕೂಡಿಸಿ ಕೂಡಿಸಿ ಓದಿ, ಚೀಟಿಯನ್ನು ಗೊಂಚಲಿನ ಪಕ್ಕದಲ್ಲೇ ಕಾಣುವಂತೆ ಸಿಕ್ಕಿಸಿದೆ. ಗಿರಿಜವ್ವ ಅದೇನು ಎಂದು ಕೇಳಲಿಲ್ಲ. ಉಣ್ಣುವಾಗಲೂ ಕೇಳಲಿಲ್ಲ. ಅವಳಿಗೆ ಹೊಟ್ಟೆಕಿಚ್ಚಾಗದ ಕೀಲಿಯನ್ನು ಇಟ್ಟುಕೊಂಡು ನಾನೇನು ಮಾಡಲಿ.

ಮರುದಿನ ಬೆಳಿಗ್ಗೆ ಆಕೆಗಿಂತ ಮೊದಲೇ ಒಲೆ ಹಚ್ಚಿದೆ. ಆಕೆ ಬಂದು ಎದುರು ಕೂರುವವರೆಗೆ ಕಾದು, ಮೊದಲ ರೊಟ್ಟಿಯನ್ನು ಹಂಚಿಗೆ ಹಾಕಿ, ಆಕೆಗೆ ಕೇಳಿಸುವಷ್ಟು ಗಟ್ಟಿಯಾಗಿ ಮೊದಲ ಪದ ಹೇಳಿದೆ.