ಎಪ್ಪತ್ತು ಸಾವಿರದೊಳಗೆ ಒಂದು ಒಳ್ಳೇ ಡಬ್ಬ

ಪಾಂಡವಪುರದ ಬಸ್ ಸ್ಟ್ಯಾಂಡಿನಿಂದ ಕೂಗಳತೆ ದೂರದಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ಬಿಡಿಭಾಗ ತರಿಸಿ, ಜೋಡಿಸಿ, ಕೈಗೆ ಕೊಡುವುದು ಕೆಲಸ. ಮೊದಲೆಲ್ಲ ಬಿಲ್ ಹಾಕುವ ಕಂಪ್ಯೂಟರ್ ಕೇಳುತ್ತಿದ್ದ ಜನ ಈಗ ಗೇಮ್ ಆಡುವ ಕಂಪ್ಯೂಟರ್ ಕೇಳುತ್ತಾರೆ. ಎಲ್ಲರ ಬಜೆಟ್ಟೂ ಒಂದೇ: ಅರವತ್ತು ಸಾವಿರದ ಮೇಲೆ, ಎಪ್ಪತ್ತರ ಒಳಗೆ. ಆಸೆ ಮಾತ್ರ ಮೂರು ಲಕ್ಷದ್ದು. ಈ ಎರಡರ ನಡುವಿನ ಸಂದಿಯಲ್ಲೇ ನನ್ನ ದಿನ ಕಳೆಯುತ್ತದೆ. ನಗು ಬರುವಂಥದ್ದು ಏನೂ ನಡೆಯದೆ ಒಂದು ವಾರ ಹೋದರೆ, ಅಂಗಡಿ ಬಾಗಿಲು ತೆಗೆದಿದ್ದೆನೋ ಇಲ್ಲವೋ ಅಂತ ನನಗೇ ಅನುಮಾನ.

೧. ಯಜಮಾನ್ರು ಇಲ್ವಾ?

ನನ್ನ ಗಂಡ ಪಕ್ಕದ ಮಳಿಗೆಯಲ್ಲಿ ಟೈಲರ್. ಕಂಪ್ಯೂಟರ್ ಬಗ್ಗೆ ಅವರಿಗೆ ಗೊತ್ತಿರುವುದು ಅದರ ಮೇಲೆ ಟೀ ಲೋಟ ಇಡಬಾರದು ಅನ್ನುವುದೊಂದೇ. ಅದೂ ನಾನು ಬೈದು ಕಲಿಸಿದ್ದು. ಆದರೂ ಹೊಸ ಗಿರಾಕಿಗಳು ನನ್ನ ತಲೆಯ ಮೇಲಿಂದ ಒಳಗೆ ಇಣುಕಿ "ಯಜಮಾನ್ರು ಇಲ್ವಾ?" ಅಂತಲೇ ಶುರು ಮಾಡುವುದು.

ಹೊಸಹೊಳಲಿನಿಂದ ಒಬ್ಬ ಮೇಷ್ಟ್ರು ಬಂದಿದ್ದರು, ಮಗನಿಗೆ ಕಂಪ್ಯೂಟರ್ ಜೋಡಿಸಲು. ಚಿಕ್ಕ ಕ್ಯಾಬಿನೆಟ್ಟು, ಅಂದರೆ ಹೊರಗಿನ ಡಬ್ಬ, ಅವರಿಗೆ ಹಿಡಿಸಿಬಿಟ್ಟಿತ್ತು. ಅದರಲ್ಲಿ ಗೇಮಿಗೆ ಬೇಕಾದ ಗ್ರಾಫಿಕ್ಸ್ ಕಾರ್ಡ್ ಕೂರುವುದಿಲ್ಲ, ಬಿಸಿ ಹೊರಗೆ ಹೋಗುವುದಿಲ್ಲ, ದೊಡ್ಡದು ತಗೊಳ್ಳಿ ಅಂತ ಅರ್ಧ ಗಂಟೆ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು, "ಯಾವುದಕ್ಕೂ ಯಜಮಾನ್ರನ್ನ ಒಂದ್ ಮಾತು ಕೇಳ್ಬುಡಿ" ಅಂದರು.

ಕರೆದೆ. ಕೊರಳಲ್ಲಿ ಟೇಪು, ಕಿವಿ ಮೇಲೆ ಸೀಮೆಸುಣ್ಣ ಇಟ್ಟುಕೊಂಡೇ ಬಂದರು. ಡಬ್ಬದ ಉದ್ದಗಲಕ್ಕೆ ಟೇಪು ಹಿಡಿದು ನೋಡಿ, "ಮೇಷ್ಟ್ರೇ, ಇದು ಬಿಗಿ ಆಯ್ತದೆ. ಬೆಳೆಯೋ ವಯಸ್ಸು, ಒಂದೆರಡು ಇಂಚು ಲೂಸ್ ಇರ್ಲಿ. ಒಳಗೆ ಗಾಳಿ ಆಡ್ಬೇಕು" ಅಂದರು.

ಮೇಷ್ಟ್ರ ಮುಖ ಅರಳಿತು. "ನೋಡಿ, ತಿಳ್ದೋರು ಹೇಳೋ ಕ್ರಮವೇ ಬೇರೆ!" ದೊಡ್ಡ ಕ್ಯಾಬಿನೆಟ್ಟಿಗೇ ದುಡ್ಡು ಕೊಟ್ಟರು. ಮೆಟ್ಟಿಲಿಳಿಯುವಾಗ ತಿರುಗಿ ನನ್ನ ಗಂಡನನ್ನು ಕೇಳಿದರು: "ಇಷ್ಟೆಲ್ಲಾ ತಿಳ್ಕೊಂಡು ಯಾಕೆ ಸ್ವಾಮಿ ಬಟ್ಟೆ ಹೊಲೀತಾ ಕುಂತಿದೀರಿ?"

"ಏನ್ ಮಾಡೋದು ಸ್ವಾಮಿ, ಇದನ್ನ ಅವಳಿಗೆ ಬಿಟ್ಟುಕೊಟ್ಟಿದೀನಿ" ಅಂದರು ನನ್ನ ಗಂಡ.

ಅವತ್ತು ಮಧ್ಯಾಹ್ನ ಅವರಿಗೆ ಬರೀ ಮಜ್ಜಿಗೆ.

೨. ಕಾರ್ಡಿಗೆ ಅರ್ಜಿ

ಚಿನಕುರಳಿ ಕಡೆಯವರೊಬ್ಬರು, ಕಲ್ಲು ಕ್ವಾರಿಗೆ ಟ್ರಾಕ್ಟರ್ ಓಡಿಸುವವರು, ಒಂದು ಪ್ಲಾಸ್ಟಿಕ್ ಕವರನ್ನು ನನ್ನ ಮೇಜಿನ ಮೇಲಿಟ್ಟರು. ತೆಗೆದು ನೋಡಿದರೆ ಮಗನ ಆಧಾರ್ ಜೆರಾಕ್ಸು, ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ.

"ಇದ್ಯಾಕಣ್ಣಾ?"

"ನಮ್ಮುಡುಗ ಅದೇನೋ ಗ್ರಾಫಿಕ್ ಕಾರ್ಡು ಬೇಕೇ ಬೇಕು ಅಂತ ಊಟ ಬುಟ್ಟು ಕುಂತವ್ನೆ. ಮಾಡ್ಸಿಕೊಟ್ಬುಡವ್ವಾ. ಎಷ್ಟ್ ದಿನಕ್ಕೆ ಬತ್ತದೆ?"

ಇದು ಅಂಥ ಕಾರ್ಡಲ್ಲ ಅಂತ ಹೇಳಿ, ಪೆಟ್ಟಿಗೆಯಿಂದ ಒಂದನ್ನು ತೆಗೆದು ಅವರ ಕೈಗಿಟ್ಟೆ. ಇಟ್ಟಿಗೆ ಗಾತ್ರದ್ದು, ಎರಡು ಫ್ಯಾನು ಬೇರೆ. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದಾ ಕಾರ್ಡು? ಜೇಬಲ್ಲಿ ಎಂಗವ್ವಾ ಮಡೀಕತಾನೆ?"

"ಜೇಬಿಗಲ್ಲ, ಕಂಪ್ಯೂಟರ್ ಒಳಗೆ ಕೂರಿಸೋದು. ಇಪ್ಪತ್ತೆಂಟು ಸಾವಿರ."

ನಿದ್ದೆ ಹತ್ತಿದ ಕೂಸನ್ನು ಮಲಗಿಸುವ ಹಾಗೆ ಅದನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಆಚೀಚೆ ನೋಡಿ, ಮೇಜಿನ ಮೇಲೆ ಬಗ್ಗಿ ಕೇಳಿದರು:

"ಅವ್ವಾ, ಇದು ಎಪಿಎಲ್‌ನೋರ ರೇಟಾ? ನಮ್ದು ಬಿಪಿಎಲ್ ಕಣವ್ವಾ."

೩. ಕ್ಲೀನರ್ ಬೇಕಾಗಿದ್ದಾರೆ

ಶ್ರೀರಂಗಪಟ್ಟಣದ ಒಬ್ಬ ಸಾಬರು ಮೂವತ್ತು ವರ್ಷ ಲಾರಿ ಓಡಿಸಿದವರು. ಮಂಡಿ ಸವೆದು, ಡಾಕ್ಟರು ಇನ್ನು ಕ್ಲಚ್ ತುಳಿಯಬೇಡಿ ಅಂದುಬಿಟ್ಟಿದ್ದರು. ಅವರು ಬಂದು ಕೇಳಿದ್ದು ಲಾರಿ ಓಡಿಸುವ ಆಟಕ್ಕೆ ಬೇಕಾದ ಕಂಪ್ಯೂಟರ್, ಜೊತೆಗೊಂದು ಸ್ಟೀರಿಂಗು.

"ಮೂವತ್ತು ವರ್ಷ ಓಡ್ಸಿದ್ದು ಸಾಲ್ಲಿಲ್ವಾ ಭಾಯ್?"

"ಮನೇಲಿ ಕುಂತ್ರೆ ಕೈ ತುರಿಸ್ತದೆ ಬೆಹೆನ್. ಈ ಲಾರೀಲಿ ಓನರ್ ಫೋನ್ ಬರಲ್ಲ, ಡೀಸೆಲ್ ಕದ್ದೆ ಅನ್ನೋನಿಲ್ಲ."

ಸ್ಟೀರಿಂಗೇ ಬಜೆಟ್ಟಿನ ದೊಡ್ಡ ಪಾಲು ನುಂಗಿತು. ಮಾನಿಟರ್ ಚಿಕ್ಕದಾಗುತ್ತದೆ ಅಂದೆ. "ಪರವಾಗಿಲ್ಲ, ಅರ್ಧ ಗ್ಲಾಸ್ ಒಡೆದಿರೋ ಗಾಡೀನೂ ಓಡ್ಸಿದೀನಿ" ಅಂದರು. ಒಯ್ದ ವಾರಕ್ಕೆ ಫೋನು.

"ಬೆಹೆನ್, ಡಬ್ಬ ಚೆನ್ನಾಗೈತೆ. ರೋಡೇ ಸರಿ ಇಲ್ಲ."

"ಗುಂಡಿ ಜಾಸ್ತೀನಾ?"

"ಗುಂಡೀನೇ ಇಲ್ಲ! ಹಂಪಿಲ್ಲ, ಎಮ್ಮೆ ಇಲ್ಲ, ಎಲ್ಲಾ ಗಾಡಿ ಅವ್ರವ್ರ ಲೈನಲ್ಲೇ ಹೋಗ್ತಾವೆ. ಎದುರಿಗೆ ಒಬ್ಬನೂ ನುಗ್ಗಲ್ಲ. ಸ್ಟೀರಿಂಗ್ ಹಿಡ್ದು ನಿದ್ದೆ ಬಂದ್ಬುಡ್ತದೆ."

ತಿಂಗಳಾದ ಮೇಲೆ ಅವರ ಹೆಂಡತಿ ಖುದ್ದು ಅಂಗಡಿಗೆ ಬಂದರು, ಕೆಂಡದಂಥ ಮುಖ ಮಾಡಿಕೊಂಡು. "ಆ ಲಾರೀನ ವಾಪಸ್ ತಗೋಮ್ಮಾ."

"ಯಾವಾಗ್ಲೂ ಆಡ್ತಾರಾ?"

"ಆಡ್ಲಿ, ನಂಗೇನು? ಗಾಡಿ ರಿವರ್ಸ್ ತಗೋವಾಗೆಲ್ಲಾ ಅಡಿಗೆ ಮನೇಲಿರೋ ನನ್ನ ಕೂಗಿ ಕರೀತಾರೆ. ನಾನು ಮಾನಿಟರ್ ಹಿಂದೆ ನಿಂತ್ಕೊಂಡು, ಗೋಡೆ ತಟ್ಟಿ, 'ಬರ್ಲಿ, ಬರ್ಲಿ, ರೈಟ್' ಅನ್ಬೇಕು. ನೆನ್ನೆ ಒಗ್ಗರಣೆ ಬಿಟ್ಟು ಬರೋದು ಲೇಟಾಯ್ತು, ಗಾಡಿ ಗೋಡೆಗೆ ತಾಗ್ತು. ಕ್ಲೀನರ್ ಕೆಲಸದಿಂದ ನನ್ನ ತೆಗ್ದುಬಿಟ್ರು!"

"ಒಳ್ಳೇದೇ ಆಯ್ತಲ್ಲಾ" ಅಂದೆ.

"ಏನ್ ಒಳ್ಳೇದು! ನನ್ ಜಾಗಕ್ಕೆ ನಮ್ ನಾದಿನೀನ ಹಾಕ್ಕೊಂಡವ್ರೆ!"

೪. ಎರಡೇ ನಿಮಿಷ

ಒಂದು ಸೋಮವಾರ ಬೆಳಿಗ್ಗೆ, ನಾಗಮಂಗಲ ಕಡೆಯ ಹಿರಿಯರೊಬ್ಬರು, ಬಿಳಿ ಪಂಚೆಯವರು, ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ನನ್ನ ಮುಖ ನೋಡಿದರೆ ಮಾತು ಹೊರಡದು. ಟೀ ಕುಡಿಯುತ್ತಿದ್ದ ನನ್ನ ಗಂಡನ ಕಡೆ ತಿರುಗಿ ಗುಟ್ಟಿನ ದನಿಯಲ್ಲಿ ಶುರು ಮಾಡಿದರು. ಗುಟ್ಟಿನ ದನಿ ಅಂತ ಅವರು ತಿಳಿದಿದ್ದರು. ಬಸ್ ಸ್ಟ್ಯಾಂಡಿಗೂ ಕೇಳುತ್ತಿತ್ತು.

"ನಮ್ಮುಡುಗಂಗೆ ಮೂವತ್ತೆರಡು. ಗದ್ದೆ ಅದೆ, ಆರು ಹಸ ಅವೆ, ಡೈರಿಗೆ ಹಾಲಾಕ್ತೀವಿ. ಹೆಣ್ಣೇ ಸಿಕ್ಕಿರ್ಲಿಲ್ಲ. ಈಗೊಂದು ಕೂಡಿ ಬಂದಿತ್ತು, ಕೆ.ಆರ್. ಪೇಟೆ ಕಡೇದು. ನೆನ್ನೆ ಹೆಣ್ಣಿನ ಕಡೆಯವ್ರು ಮನೆ ನೋಡಕೆ ಬಂದಿದ್ರು, ಹೆಣ್ಣೂ ಬಂದಿತ್ತು. ಇಬ್ರೂ ರೂಮಲ್ಲಿ ಕುಂತು ಮಾತಾಡ್ಕಳ್ಳಿ ಅಂತ ಬುಟ್ವು. ಐದು ನಿಮಿಷ ಆಗಿಲ್ಲ, ಹೆಣ್ಣು ಆಚೆಗೆ ಬಂದು ಎಲ್ರ ಮುಂದೆ, 'ಇವ್ರದ್ದು ಪವರ್ ಸಾಲ್ದು. ಎರಡೇ ನಿಮಿಷಕ್ಕೆ ಆಫ್ ಆಗೋಯ್ತು' ಅಂದ್ಬುಡ್ತು. ಹೆಣ್ಣಿನ ಸೋದರಮಾವ ಉಪ್ಪಿಟ್ಟಿನ ತಟ್ಟೆ ಅಂಗೇ ಇಕ್ಕಿ, ಎಲ್ರುನ್ನೂ ಎಬ್ಬಿಸ್ಕಂಡು ಹೊಂಟೋದ."

ನನ್ನ ಗಂಡ ಲೋಟ ಕೆಳಗಿಟ್ಟರು. "ಇದಕ್ಕೆ ಮೈಸೂರಲ್ಲಿ ಡಾಕ್ಟ್ರಿದ್ದಾರೆ ಗೌಡ್ರೇ."

"ಇಲ್ಲ ಕನ ಬುಡಿ. ಹೋಗ್ತಾ ಹೋಗ್ತಾ ಹೆಣ್ಣೇ ಹೇಳ್ತು, ಪಾಂಡವಪುರದ ಬಸ್ ಸ್ಟ್ಯಾಂಡ್ ತಾವ ಒಬ್ಬಮ್ಮ ಅವ್ರೆ, ಅವ್ರೇ ಸರಿ ಮಾಡ್ಕೊಡ್ತಾರೆ ಅಂತ."

ನನ್ನ ಗಂಡ ನಿಧಾನವಾಗಿ ನನ್ನ ಕಡೆ ತಿರುಗಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನನ್ನು ಆ ಥರ ನೋಡಿದ್ದಿಲ್ಲ.

ನನಗೆ ತಟ್ಟನೆ ಹೊಳೆಯಿತು. ಹೋದ ವರ್ಷ ಕೆ.ಆರ್. ಪೇಟೆಯ ಒಬ್ಬ ಹುಡುಗಿಗೆ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದೆ. ಮೂರು ಸಲ ಪಟ್ಟಿ ತಿದ್ದಿಸಿ ನನ್ನ ಜೀವ ಹಿಂಡಿದ್ದಳು. ಹಿರಿಯರ ಮಗನಿಗೆ ಫೋನ್ ಮಾಡಿದೆ. ಅನುಮಾನವೇ ಇಲ್ಲ, ಅವಳೇ. ಇವನು ಒಂದೊಂದೇ ಭಾಗ ತರಿಸಿ ತಾನೇ ಕಂಪ್ಯೂಟರ್ ಜೋಡಿಸಿದ್ದ. ದುಡ್ಡೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಸುರಿದು, ಕರೆಂಟ್ ಕೊಡುವ ಪವರ್ ಸಪ್ಲೈ ಮಾತ್ರ ಅಗ್ಗದ್ದು ಹಾಕಿದ್ದ. ಹುಡುಗಿಯ ಮುಂದೆ ಜಂಬ ತೋರಿಸಲು ದೊಡ್ಡ ಗೇಮ್ ಹಾಕಿದ್ದಾನೆ. ಎರಡು ನಿಮಿಷಕ್ಕೆ ಡಬ್ಬ ಕಣ್ಣು ಮುಚ್ಚಿದೆ.

ಮಾರನೇ ದಿನ ಡಬ್ಬ ತಂದ. ಒಳ್ಳೇ ಪವರ್ ಸಪ್ಲೈ ಹಾಕಿದೆ. ಹುಡುಗಿ ವಿಡಿಯೋ ಕಾಲಿನಲ್ಲಿ ಅದೇ ಗೇಮ್ ಓಡುವುದನ್ನು ಒಂದು ಗಂಟೆ ಕಣ್ಣು ಕೀಳದೆ ನೋಡಿ, "ಈಗ ಮನೆಯವ್ರ ಹತ್ರ ನಾನೇ ಮಾತಾಡ್ತೀನಿ" ಅಂದಳು. ಎರಡು ತಿಂಗಳಲ್ಲಿ ಮದುವೆ. ನಾವೂ ಹೋಗಿ ಉಂಡು ಬಂದೆವು.

ಕಥೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಆ ಹಿರಿಯರು ಖುಷಿ ತಡೆಯಲಾರದೆ ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದರು: ನಮ್ಮುಡುಗಂಗೆ ಪವರ್ ಕಮ್ಮಿ ಇತ್ತು, ಪಾಂಡವಪುರದಲ್ಲಿ ಹಾಕ್ಸಿದೋ, ಮದ್ವೆ ಆಗೋಯ್ತು. ಹೆಚ್ಚಿನ ವಿವರ ಅವರು ಹೇಳಲಿಲ್ಲ, ಊರವರು ಕೇಳಲಿಲ್ಲ.

ಹದಿನೈದು ದಿನಕ್ಕೆ ಅದೇ ಊರಿನ ಇನ್ನೊಬ್ಬ ಯಜಮಾನರು ಮೆಟ್ಟಿಲ ಹತ್ತಿರ ನಿಂತು ಕೆಮ್ಮಿದರು.

"ಪವರ್ ಹಾಕೋದು ಇಲ್ಲೇಯಾ?"

"ಇಲ್ಲೇ. ಡಬ್ಬ ತಂದಿದೀರಾ?"

"ಯಾವ ಡಬ್ಬ? ಉಡುಗನ್ನೇ ಕರ್ಕಬಂದಿವ್ನಿ."

ಹೊರಗೆ ನೋಡಿದೆ. ಮೂವತ್ತಾರು ದಾಟಿದ ಕಟ್ಟುಮಸ್ತಾದ ಗಂಡಸು, ಸ್ಕೂಟರ್ ಮೇಲೆ ತಲೆ ತಗ್ಗಿಸಿಕೊಂಡು ಕೂತಿದ್ದ. ಕಿವಿ ಕೆಂಪಾಗಿತ್ತು. ನಾನು ಬಾಯಿ ತೆಗೆಯುವ ಮೊದಲೇ ಯಜಮಾನರು ಒಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿದರು.

"ದುಡ್ಡಿನ್ ಯೋಚ್ನೆ ಬ್ಯಾಡ ಕನವ್ವಾ, ಒಳ್ಳೇದೇ ಹಾಕ್ಬುಡು. ಅಂಗೇ ಒಂದ್ ಮಾತು, ಇವ್ನು ಸೂಜಿಗೇ ಎದ್ರುಕತಾನೆ. ಹಾಕ್ವಾಗ ನೋವಾಯ್ತದಾ?"