ನಾಲ್ಕು ದೇಶಕ್ಕೊಂದು ಹೆಸರು

ಸಾಬೂನಿಗೆ ಹೆಸರಿಡುವುದು ಮಗುವಿಗೆ ಹೆಸರಿಟ್ಟಷ್ಟು ಸುಲಭವಲ್ಲ. ಮಗು ಮನೆಯಲ್ಲೇ ಇರುತ್ತದೆ, ಸಾಬೂನು ಹಡಗು ಹತ್ತಬೇಕು. ಎರಡು ವರ್ಷದ ಹಿಂದೆ ಕಾರ್ಖಾನೆಯವರು 'ನಿಸೋರಾ' ಅಂತ ಚೆಂದದ ಹೆಸರಿಟ್ಟು ಹೊರದೇಶಕ್ಕೆ ಕಳಿಸಿದ ಸರಕು ಹೋದ ಹಾಗೇ ವಾಪಸು ಬಂತು. ಅಲ್ಲಿಯವರ ಭಾಷೆಯಲ್ಲಿ ಅದಕ್ಕೆ ಕಜ್ಜಿ ಎಂದರ್ಥವಂತೆ. ಯಜಮಾನರು ತಲೆ ಚಚ್ಚಿಕೊಂಡು ಅಷ್ಟನ್ನೂ ಕೆಲಸದವರಿಗೇ ಹಂಚಿದರು.

ಈ ಸಲ ಆ ಹೊಣೆಗೆ ಚೀಟಿ ಅಂಟಿಸುವ ವಿಭಾಗದ ಗುಮಾಸ್ತ ತಾನಾಗಿ ತಲೆ ಕೊಟ್ಟ. ಎಲ್ಲ ಬಲ್ಲೆನೆಂಬ ಅವನ ಧೋರಣೆಗೆ ಜನ ಇಟ್ಟ ಹೆಸರು 'ನಿಘಂಟು'.

"ಸಂಜೆ ಐದಕ್ಕೆ ಲಾರಿ ಹೊರಡುತ್ತೆ. ಮಾಲು ಅಲ್ಲೇ ಖರ್ಚಾದ್ರೆ ಮ್ಯಾನೇಜರ್ ಕುರ್ಚಿ ನಿಂದು. ವಾಪಸ್ ಬಂತೋ, ಕೊಪ್ಪರಿಗೆ ಹತ್ರ ಹೋಗಿ ಸೌಟು ತಿರುಗಿಸು," ಎಂದರು ಯಜಮಾನರು.

"ಚಿಂತೆ ಬಿಡಿ ಸಾರ್, ನಾನಿದೀನಲ್ಲ!"

ನಿಘಂಟುವಿನ ಧೈರ್ಯಕ್ಕೆ ಕಾರಣವಿತ್ತು. ಈ ಸಲ ಸರಕು ಹೋಗಬೇಕಾದ ನಾಲ್ಕೂ ದೇಶದ ಭಾಷೆ ಬಲ್ಲವರು ಕಾರ್ಖಾನೆಯಲ್ಲೇ ಇದ್ದರು. ಕಾವಲುಗಾರ ಹಿಂದೆ ಹಡಗಿನಲ್ಲಿದ್ದವನು, ಅವನಿಗೆ ಎರಡು ಬರುತ್ತಿದ್ದವು. ಲಾರಿ ಡ್ರೈವರಿಗೆ ಒಂದು, ಟೈಪಿಸ್ಟ್ ಅಮ್ಮನಿಗೆ ತವರಿನದೊಂದು. ಹೋದ ಸಲ ಅವರನ್ನು ಯಾರೂ ಕೇಳಿರಲಿಲ್ಲ.

"ಮಿಲೋರಾ ಹೇಗಿದೆ?" ಎಂದು ಮೊದಲು ಡ್ರೈವರನ್ನು ಕೇಳಿದ.

ಡ್ರೈವರ್ ಕಿವಿ ಮುಚ್ಚಿಕೊಂಡ. "ಬಿಡ್ತು ಅನ್ನಿ! ನಮ್ಮ ಕಡೆ ಹಾಗಂದ್ರೆ ಮುದುಕರ ಕೆಮ್ಮು."

"ತುಲೀನ?"

ಕೈ ತೊಳೆಯುತ್ತಿದ್ದ ಟೈಪಿಸ್ಟ್ ಅಮ್ಮ ಉಗುರಿನಷ್ಟಾಗಿದ್ದ ಸಾಬೂನಿನ ಚೂರನ್ನು ಜೋಪಾನವಾಗಿ ಡಬ್ಬಿಗೆ ಹಾಕಿಕೊಂಡು, "ಥೂ! ಅದು ಎಮ್ಮೆ ಹೊರಳೋ ಕೆಸರು ಕಣಪ್ಪಾ," ಎಂದಳು.

ಮಧ್ಯಾಹ್ನದೊಳಗೆ ಹದಿನೇಳು ಹೆಸರು ಸತ್ತವು. ಒಂದರಲ್ಲಿ ಗೊರಕೆಯಿತ್ತು, ಇನ್ನೊಂದರಲ್ಲಿ ಹಳೇ ಚಪ್ಪಲಿ. ನಿಘಂಟು ಊಟ ಬಿಟ್ಟ, ಪೆನ್ಸಿಲ್ ಕಚ್ಚಿದ. ಎರಡು ಗಂಟೆಗೆ ಬೆವರೊರೆಸಿಕೊಳ್ಳುತ್ತ ಕೊನೆಯದನ್ನು ಉಸುರಿದ: "ಜಲೂನಾ."

ಮೂವರೂ ಮುಖ ಮುಖ ನೋಡಿಕೊಂಡರು.

"ಬೆಳದಿಂಗಳು!" ಎಂದ ಕಾವಲುಗಾರ. "ನಂಗೆ ಬರೋ ಎರಡು ಭಾಷೇಲೂ ಅದೇ."

"ನಮ್ಮಲ್ಲಿ ಮದುವಣಗಿತ್ತಿ ಕೆನ್ನೆ," ಎಂದ ಡ್ರೈವರ್. ಟೈಪಿಸ್ಟ್ ಅಮ್ಮನಿಗಂತೂ ಕಣ್ಣು ತುಂಬಿ ಬಂತು.

ಚೀಟಿ ಅಚ್ಚಾಯಿತು, ಅಂಟಿತು, ಲಾರಿ ಹೊರಟಿತು. ಯಜಮಾನರು ಬೆನ್ನು ತಟ್ಟಿದರು. ನಿಘಂಟು ಮ್ಯಾನೇಜರ್ ಕುರ್ಚಿಯ ಮೇಲೆ ಒಮ್ಮೆ ಕುಳಿತು ನೋಡಿ, ಅಳತೆ ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡು ಮನೆಗೆ ಬಂದ.

"ಲೇ, ಇವಳೇ! ಇನ್ನು ನೀನು ಮ್ಯಾನೇಜರ್ ಹೆಂಡ್ತಿ!" ಎನ್ನುತ್ತ ಬಚ್ಚಲಿಗೆ ಹೋಗಿ ಮುಖಕ್ಕೆ ಸಾಬೂನು ಹಚ್ಚಿಕೊಂಡ.

"ಅದು ಕೊನೇ ಚೂರು, ಸವೆಸಬೇಡಿ," ಎಂದಳು ಹೆಂಡತಿ. "ಜಲೂನಾ ಅಂತ್ಲೇ ತಾನೆ ಹೆಸರು ಹೋಗಿದ್ದು?"

"ನಿಂಗ್ಯಾರು ಹೇಳಿದ್ರು?"

"ಕಾವಲುಗಾರನ ಹೆಂಡ್ತಿ ಈಗ ತಾನೆ ಓಡಿ ಬಂದು ಹೇಳಿ ಹೋದ್ಲು. ಅವಳ ಗಂಡನಿಗೆ ಬರೋ ಭಾಷೇಲಿ ಸತ್ತ ಹೆಗ್ಗಣ ಅಂತೆ! ಮಿಲೋರಾ ಇಟ್ಟಿದ್ರೆ ಎಲ್ಲಾ ಖರ್ಚಾಗಿಬಿಡ್ತಿತ್ತಂತೆ. ಪಾಪ, ಮೂವರೂ ಬೆಳಿಗ್ಗೆಯಿಂದ ಎಷ್ಟು ಒದ್ದಾಡಿದಾರೆ. ಎಲ್ಲರ ಮನೇಲೂ ಹಳೇ ಸಾಬೂನು ಮುಗೀತಾ ಬಂತಲ್ರೀ!"

ಸಾಬೂನು ಕಣ್ಣಿಗಿಳಿದು ನಿಘಂಟುವಿಗೆ ಏನೂ ಕಾಣಲಿಲ್ಲ. ಕೈಯಲ್ಲಿದ್ದ ಚೂರು ಜಾರಿ ಮೋರಿ ಸೇರಿತು.

"ಅಯ್ಯೋ, ಹೋಗ್ಲಿ ಬಿಡಿ," ಎಂದು ಟವೆಲ್ ಕೊಟ್ಟಳು ಹೆಂಡತಿ. "ಈ ಸಲ ವಾಪಸ್ ಬಂದಾಗ ನಮಗೆ ಎರಡು ಪೆಟ್ಟಿಗೆ ಜಾಸ್ತಿ ಕೇಳಿ. ಹೆಸರಿಟ್ಟೋರು ನೀವಲ್ವಾ?"